ಹಳೆಯ ಭಾರೀ ಟ್ರಾಕ್ಟರನ್ನು ಕೊಳ್ಳುವ ಕ್ರಮ
ಬಿಳಿಚೋಡು ಹೋಬಳಿಯ ಖುಷ್ಕಿ ಬೇಸಾಯಗಾರರಿಗೆ ಒಂದು ಪಾಠ

೧. ಪೀಠಿಕೆ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯು ಬಹುಮಟ್ಟಿಗೆ ಮುಗಿಲನ್ನೇ ನಂಬಿದ ಸೀಮೆಯಾಗಿದೆ. ಈ ತಾಲ್ಲೂಕು ೧೯೯೭ರಲ್ಲಿ ಚಿತ್ರದುರ್ಗ ಜಿಲ್ಲೆಯನ್ನು ಬಿಟ್ಟು ಹೊಸದಾದ ದಾವಣಗೆರೆ ಜಿಲ್ಲೆಗೆ ಸೇರಿತಾದರೂ, ಅದೇ ಜಿಲ್ಲೆಯ ಭದ್ರಾ ನಾಲೆಯ ಪ್ರಾಂತಕ್ಕೆ ಇರುವ ನೀರಿನ ಭಾಗ್ಯವು ಇಲ್ಲಿಗೆ ಬರಲಿಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ರಾಗಿ, ಜೋಳ, ತೊಗರಿ ಇವೆಲ್ಲವೂ ಸಕಾಲದಲ್ಲಿ ಬೀಳತಕ್ಕ ಕೆಲವು ಹದಮಳೆಗಳನ್ನು ಅವಲಂಬಿಸಿವೆ. ಕೃತ್ತಿಕೆ ರೋಹಿಣಿಗಳಲ್ಲಿ ಮಳೆ ಬಿದ್ದು ನೆಲಕ್ಕೆ ಹದ ಬಂದರೆ, ಕೆಂಪು ಮಸಾರಿಯಲ್ಲಿ ಅದು ನಿಲ್ಲುವುದು ಕೆಲವೇ ದಿನಗಳು. ಆ ದಿನಗಳೊಳಗೆ ಹರಗಿ ಬಿತ್ತಿದವನಿಗೆ ಬೆಳೆಯುಂಟು. ತಡೆದವನಿಗೆ ಮುಂದಿನ ಮಳೆಯವರೆಗೆ ಕಾಯುವುದೇ ಗತಿ.

ಎತ್ತುಗಳು ಕಡಮೆಯಾಗಿರುವ ಈ ಕಾಲದಲ್ಲಿ ಊರಿನ ಎಲ್ಲರಿಗೂ ಒಂದೇ ವಾರದಲ್ಲಿ ಬಾಡಿಗೆಯ ಟ್ರಾಕ್ಟರು ಬೇಕಾಗುತ್ತದೆ. ಸರದಿ ಬರುವಷ್ಟರಲ್ಲಿ ಹದ ಆರಿಹೋಗುವುದನ್ನು ಕಂಡ ಬೇಸಾಯಗಾರನ ಮನಸ್ಸು ಸ್ವಂತ ಯಂತ್ರದ ಕಡೆಗೆ ಹರಿಯುವುದು ಸಹಜವೇ ಸರಿ. ಹೊಸದನ್ನು ಕೊಳ್ಳಲು ಹಣ ಸಾಲದು. ಆಗ ಹತ್ತು ಹದಿನೈದು ವರ್ಷ ದುಡಿದ, ಐವತ್ತಕ್ಕೆ ಮೇಲ್ಪಟ್ಟ ಅಶ್ವಶಕ್ತಿಯುಳ್ಳ ಭಾರೀ ಟ್ರಾಕ್ಟರೊಂದು ಅಗ್ಗವಾಗಿ ದೊರೆಯುವುದೆಂದು ದಲ್ಲಾಳಿಯು ಬಂದು ಹೇಳುತ್ತಾನೆ.

ಇಂಥ ಯಂತ್ರವನ್ನು ಕೊಳ್ಳಕೂಡದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ವಿವೇಕದಿಂದ ಕೊಂಡ ಹಳೆಯ ಟ್ರಾಕ್ಟರಿನಿಂದ ಏಳಿಗೆ ಹೊಂದಿದ ಮನೆಗಳುಂಟು. ಅವಸರದಿಂದ ಕೊಂಡು ಹೊಲವನ್ನೇ ಅಡವಿಟ್ಟ ಮನೆಗಳೂ ಉಂಟು. ಇವೆರಡಕ್ಕೂ ಇರುವ ಅಂತರವು ಕ್ರಯದಲ್ಲಿಲ್ಲ. ಆ ಯಂತ್ರಕ್ಕೆ ವರ್ಷಕ್ಕೆ ಎಷ್ಟು ಗಂಟೆ ಕೆಲಸವುಂಟು, ಕೆಟ್ಟಾಗ ಅದರ ಬಿಡಿಭಾಗ ಎಷ್ಟು ಬೇಗ ಸಿಕ್ಕುವುದು ಎಂಬ ಎರಡು ಸಂಗತಿಗಳಲ್ಲಿದೆ. ಶಕ್ತಿಯನ್ನು ಕಂಡು ಮರುಳಾಗದೆ ಕೆಲಸವನ್ನು ನೋಡಿ ಕೊಳ್ಳಬೇಕೆಂಬುದೇ ಈ ಪಾಠದ ಸಾರ.

೨. ಹಿಂದಿನ ಒಂದು ನಿದರ್ಶನ

ಹಳೆಯ ಭಾರೀ ಟ್ರಾಕ್ಟರುಗಳಿಂದ ಕೆಲಸ ತೆಗೆಯುವುದು ನಮ್ಮ ದೇಶಕ್ಕೆ ಹೊಸ ವಿಷಯವೇನಲ್ಲ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಸೈನ್ಯವು ಇಲ್ಲಿ ಬಿಟ್ಟುಹೋದ ಸರಪಳಿ ಚಕ್ರದ ಟ್ರಾಕ್ಟರುಗಳನ್ನು ಭಾರತ ಸರ್ಕಾರವು ಕೂಡಿಸಿಕೊಂಡು, ಕೇಂದ್ರ ಟ್ರಾಕ್ಟರ್ ಸಂಸ್ಥೆಯ ಮೂಲಕ ಮಧ್ಯ ಭಾರತದಲ್ಲಿ ಕಾನ್ಸ್ ಎಂಬ ಆಳಬೇರಿನ ಹುಲ್ಲು ವ್ಯಾಪಿಸಿದ ಬಯಲುಗಳನ್ನು ಉಳಿಸಿತು. ಆ ಕೆಲಸವನ್ನು ವಿಸ್ತರಿಸಬೇಕಾಗಿ ಬಂದಾಗ, ೧೯೪೯ರಲ್ಲಿ ವಿಶ್ವ ಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲವನ್ನು ಪಡೆದು ಹೊಸ ಯಂತ್ರಗಳನ್ನು ತರಿಸಲಾಯಿತು.

ಇದರಿಂದ ತಿಳಿಯತಕ್ಕದ್ದು ಎರಡು ಅಂಶ. ಹಳೆಯ ಯಂತ್ರವು ದುಡಿಯಬಲ್ಲುದು. ಆದರೆ ಅದರ ಹಿಂದೆ ದುರಸ್ತಿಯ ಕಾರ್ಖಾನೆ, ನುರಿತ ಮೇಸ್ತ್ರಿ, ಹಣ ಇವು ಇರಬೇಕು. ಸರ್ಕಾರಕ್ಕೆ ಇವೆಲ್ಲವೂ ಇದ್ದುವು. ಹತ್ತು ಎಕರೆಯ ಬೇಸಾಯಗಾರನು ತನ್ನಲ್ಲಿ ಇವುಗಳ ಪೈಕಿ ಯಾವುದು ಉಂಟೆಂದು ಮೊದಲೇ ಎಣಿಸಿಕೊಳ್ಳಬೇಕು.

೩. ಅಶ್ವಶಕ್ತಿ ಎಷ್ಟು ಬೇಕು?

೭೫ ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತರಕ್ಕೆ ಎತ್ತುವ ಸಾಮರ್ಥ್ಯಕ್ಕೆ ಒಂದು ಅಶ್ವಶಕ್ತಿಯೆಂದು ಹೆಸರು. ಒಳ್ಳೆಯ ಒಂದು ಜೊತೆ ಎತ್ತುಗಳ ದುಡಿಮೆಯು ಸುಮಾರಾಗಿ ಇಷ್ಟೇ. ಟ್ರಾಕ್ಟರಿನ ಮೇಲೆ ಬರೆದಿರುವ ಅಂಕಿಯು ಎಂಜಿನಿನ ಶಕ್ತಿಯನ್ನು ಸೂಚಿಸುವುದೇ ಹೊರತು ನೇಗಿಲಿಗೆ ಮುಟ್ಟುವ ಶಕ್ತಿಯನ್ನಲ್ಲ. ರೋಟವೇಟರು, ಒಕ್ಕುವ ಯಂತ್ರ ಮುಂತಾದುವನ್ನು ತಿರುಗಿಸುವ ಪಿ.ಟಿ.ಓ. ದಂಡಕ್ಕೆ ಅದರಲ್ಲಿ ನೂರಕ್ಕೆ ೮೫ರ ಆಸುಪಾಸಿನಷ್ಟು ದೊರೆಯುತ್ತದೆ. ಸಡಿಲ ಮಣ್ಣಿನಲ್ಲಿ ಎಳೆಯುವಾಗ ಚಕ್ರವು ಜಾರುವುದರಿಂದ ಇನ್ನೂ ಕಡಮೆಯಾಗುತ್ತದೆ. ಸವೆದ ಎಂಜಿನಾದರೆ ಮೂಲದ ಅಂಕಿಯೇ ಉಳಿದಿರುವುದಿಲ್ಲ.

ಒಂಬತ್ತು ಹಲ್ಲಿನ ಕಲ್ಟಿವೇಟರು, ಐದು ಅಡಿಯ ರೋಟವೇಟರು, ಟ್ರೇಲರು ಇವುಗಳಿಗೆ ೩೫ರಿಂದ ೪೫ ಅಶ್ವಶಕ್ತಿ ಸಾಕು. ಎರೆಯನ್ನು ಬೇಸಗೆಯಲ್ಲಿ ಆಳವಾಗಿ ಮಗುಚುವ ಎರಡು ಗುಳದ ಪಲ್ಟಿ ನೇಗಿಲು, ಏಳು ಅಡಿಯ ರೋಟವೇಟರು ಇವುಗಳಿಗೆ ೫೦ ಮತ್ತು ಅದಕ್ಕೆ ಮೇಲ್ಪಟ್ಟ ಶಕ್ತಿ ಉಚಿತ. ದೊಡ್ಡ ಟ್ರಾಕ್ಟರಿಗೆ ಸಣ್ಣ ಸಲಕರಣೆಯನ್ನು ಕಟ್ಟಿದರೆ ಎಣ್ಣೆಯು ಯಂತ್ರದ ಸ್ವಂತ ಭಾರವನ್ನು ಹೊರುವುದರಲ್ಲೇ ವ್ಯಯವಾಗುತ್ತದೆ. ಆದಕಾರಣ ಭಾರೀ ಟ್ರಾಕ್ಟರಿನ ಕ್ರಯದೊಡನೆ ಅದಕ್ಕೆ ತಕ್ಕ ಸಲಕರಣೆಗಳ ಕ್ರಯವನ್ನೂ ಕೂಡಿಸಿಯೇ ಯೋಚಿಸಬೇಕು.

ಇಂಥ ಯಂತ್ರದ ತೂಕವು ಎರಡು ಟನ್ನಿಗೂ ಮಿಗಿಲು. ಹಸಿ ಎರೆಯ ಮೇಲೆ ಇದನ್ನು ಓಡಿಸಿದರೆ ಉತ್ತ ಪದರದ ಕೆಳಗೆ ಮಣ್ಣು ಗಟ್ಟಿ ಕಟ್ಟಿ, ಬೇರೂ ನೀರೂ ಕೆಳಗೆ ಇಳಿಯದಂತಾಗುತ್ತದೆ. ಬದುಗಳ ನಡುವಣ ಕಿರಿದಾದ ಪಟ್ಟಿಗಳಲ್ಲಿ ತಿರುಗಿಸಲು ಸ್ಥಳವೂ ಸಾಲದು. ತುಂಗಭದ್ರೆಯ ನೀರನ್ನೆತ್ತಿ ಜಗಳೂರು ತಾಲ್ಲೂಕಿನ ೫೭ ಕೆರೆಗಳನ್ನು ತುಂಬಿಸುವ ಯೋಜನೆಯ ಭರವಸೆಯಿಂದ ಅಡಿಕೆಯ ಸಸಿ ನೆಡುವವರು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು: ತೋಟದ ಸಾಲುಗಳ ನಡುವೆ ಭಾರೀ ಟ್ರಾಕ್ಟರು ನುಗ್ಗಲಾರದು, ಅಲ್ಲಿಗೆ ಸಣ್ಣದೇ ಬೇಕು.

೪. ಗಂಟೆಯ ಲೆಕ್ಕ

ಕೊಳ್ಳುವ ಮೊದಲು ಕಾಗದದ ಮೇಲೆ ಈ ಲೆಕ್ಕವನ್ನು ಹಾಕತಕ್ಕದ್ದು. ಕೆಳಗಣ ಅಂಕಿಗಳು ಕೇವಲ ಉದಾಹರಣೆಗಾಗಿ ಹಿಡಿದವು; ವಾಚಕರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ಲೆಕ್ಕವನ್ನು ಪುನಃ ಮಾಡಬೇಕು.

ಟ್ರಾಕ್ಟರಿನ ಕ್ರಯ ೪,೦೦,೦೦೦ ರೂಪಾಯಿ. ಕೊಂಡೊಡನೆ ಟಯರು, ಕ್ಲಚ್ಚು, ಪಂಪು ಮುಂತಾದುವಕ್ಕೆ ತಗಲುವ ಖರ್ಚು ೧,೦೦,೦೦೦ ರೂಪಾಯಿ. ಒಟ್ಟು ೫,೦೦,೦೦೦ ರೂಪಾಯಿ. ಎಂಟು ವರ್ಷ ದುಡಿಸಿ ೧,೦೦,೦೦೦ ರೂಪಾಯಿಗೆ ಮಾರುವುದಾದರೆ:

ವರ್ಷದ ಸವಕಳಿ: ೫೦,೦೦೦ ರೂಪಾಯಿ.
ಸರಾಸರಿ ೩,೦೦,೦೦೦ ರೂಪಾಯಿಯ ಮೇಲೆ ನೂರಕ್ಕೆ ೧೨ರಂತೆ ಬಡ್ಡಿ: ೩೬,೦೦೦ ರೂಪಾಯಿ.
ವಿಮೆ, ನೆರಳು, ಕಾಗದಪತ್ರ: ೧೦,೦೦೦ ರೂಪಾಯಿ.
ಒಟ್ಟು ಸ್ಥಿರ ಖರ್ಚು: ೯೬,೦೦೦ ರೂಪಾಯಿ.

ಈ ೯೬,೦೦೦ ರೂಪಾಯಿಯು ಯಂತ್ರವು ಓಡಲಿ, ಓಡದಿರಲಿ, ತಗಲಿಯೇ ತೀರುವುದು. ಇದರ ಮೇಲೆ ಓಡಿಸಿದ ಪ್ರತಿ ಗಂಟೆಗೂ ೬ ಲೀಟರು ಡೀಸೆಲ್ಲಿಗೆ ೫೪೦, ಕೀಲೆಣ್ಣೆಗೂ ದುರಸ್ತಿಗೂ ೧೬೦, ಚಾಲಕನಿಗೆ ೧೦೦, ಒಟ್ಟು ೮೦೦ ರೂಪಾಯಿ ಹಿಡಿಯೋಣ. ಆಗ ಗಂಟೆಯೊಂದಕ್ಕೆ ಬೀಳುವ ಖರ್ಚು ಹೀಗೆ:

ವರ್ಷಕ್ಕೆ ೫೦ ಗಂಟೆ ದುಡಿದರೆ: ೨,೭೨೦ ರೂಪಾಯಿ.
ವರ್ಷಕ್ಕೆ ೨೦೦ ಗಂಟೆ ದುಡಿದರೆ: ೧,೨೮೦ ರೂಪಾಯಿ.
ವರ್ಷಕ್ಕೆ ೪೮೦ ಗಂಟೆ ದುಡಿದರೆ: ೧,೦೦೦ ರೂಪಾಯಿ.
ವರ್ಷಕ್ಕೆ ೮೦೦ ಗಂಟೆ ದುಡಿದರೆ: ೯೨೦ ರೂಪಾಯಿ.

ಊರಿನಲ್ಲಿ ಬಾಡಿಗೆಯು ಗಂಟೆಗೆ ೧,೦೦೦ ರೂಪಾಯಿಯಾಗಿದ್ದರೆ, ವರ್ಷಕ್ಕೆ ೪೮೦ ಗಂಟೆ ದುಡಿಮೆಯಿಲ್ಲದ ಯಂತ್ರವು ಒಡೆಯನಿಗೆ ನಷ್ಟವನ್ನೇ ತರುವುದು. ಈಗ ಹತ್ತು ಎಕರೆ ಖುಷ್ಕಿಯುಳ್ಳ ಬೇಸಾಯಗಾರನನ್ನು ನೋಡೋಣ. ಉಳುವುದು, ಹರಗುವುದು, ಬಿತ್ತುವುದು, ಒಕ್ಕುವುದು, ಸಾಗಿಸುವುದು ಇವೆಲ್ಲಕ್ಕೂ ಎಕರೆಗೆ ಐದು ಗಂಟೆಯಂತೆ ಹಿಡಿದರೂ ಆತನ ಸ್ವಂತ ಕೆಲಸ ೫೦ ಗಂಟೆ. ಉಳಿದ ೪೩೦ ಗಂಟೆಗಳನ್ನು, ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಸುಮಾರು ೫೪ ದಿನಗಳ ಕೆಲಸವನ್ನು, ಪರರ ಹೊಲಗಳಿಂದ ಸಂಪಾದಿಸಬೇಕು. ಅದೂ ಎಲ್ಲರ ಯಂತ್ರಗಳೂ ಹೊರಡುವ ಆ ಕೆಲವೇ ವಾರಗಳಲ್ಲಿ. ಮಾಡಿದ ಕೆಲಸದ ಹಣವಾದರೋ ಸುಗ್ಗಿಯವರೆಗೆ ಉದ್ರಿ ನಿಲ್ಲುತ್ತದೆ; ಡೀಸೆಲ್ಲಿಗೆ ಮಾತ್ರ ಆ ದಿನವೇ ರೊಕ್ಕ ಕೊಡಬೇಕು.

ಕೃಷಿಯಂತ್ರಗಳ ಖರ್ಚನ್ನು ಅಂದಾಜು ಮಾಡುವುದಕ್ಕಾಗಿ ೧೯೭೯ರಲ್ಲಿ ಹೊರಟ ಭಾರತೀಯ ಮಾನಕವು ಟ್ರಾಕ್ಟರಿನ ಆಯುಸ್ಸನ್ನು ಹತ್ತು ವರ್ಷವೆಂದೂ, ವರ್ಷದ ದುಡಿಮೆಯನ್ನು ೧,೦೦೦ ಗಂಟೆಯೆಂದೂ ಹಿಡಿದಿದೆ. ಇದರಂತೆ ದುಡಿದ ಹನ್ನೆರಡು ವರ್ಷದ ಯಂತ್ರವು ಲೆಕ್ಕದ ಆಯುಸ್ಸನ್ನು ಆಗಲೇ ಮುಗಿಸಿರುತ್ತದೆ. ಅದು ಮುಂದೆಯೂ ಓಡಬಹುದು. ಆದರೆ ಇನ್ನು ಮುಂದಿನ ಓಟವೆಲ್ಲ ದುರಸ್ತಿಯ ಬಲದಿಂದಲೇ ಎಂಬುದನ್ನು ಮನಗಾಣಬೇಕು.

೫. ಹೊಸದರ ಕ್ರಯವನ್ನೂ ವಿಚಾರಿಸಬೇಕು

ಹಳೆಯದರ ಕ್ರಯವು ನ್ಯಾಯವೋ ಅನ್ಯಾಯವೋ ಎಂಬುದು ಹೊಸದರ ಕ್ರಯವನ್ನು ತಿಳಿದಹೊರತು ಗೊತ್ತಾಗದು. ೨೦೨೩ರ ಜನವರಿಯಿಂದ ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ ಟ್ರೆಮ್ ನಾಲ್ಕನೆಯ ಹಂತವೆಂಬ ಹೊಗೆಯ ಕಟ್ಟಳೆಯು ಜಾರಿಗೆ ಬಂದಿತು. ಅದರಿಂದಾಗಿ ಇಂಧನವನ್ನು ವಿದ್ಯುನ್ಮಾನದಿಂದ ನಿಯಂತ್ರಿಸುವ ಏರ್ಪಾಡುಗಳು ಈ ವರ್ಗದ ಎಂಜಿನುಗಳಲ್ಲಿ ಸೇರಿ, ಕ್ರಯವೂ ಏರಿತು. ಹಿಂದಿನ ಎಂಜಿನುಗಳ ಪಂಪು ನಾಜಲುಗಳನ್ನು ಪೇಟೆಯ ಸಾಧಾರಣ ಮೇಸ್ತ್ರಿಯೇ ಬಿಚ್ಚಿ ಸರಿಪಡಿಸಬಲ್ಲನು. ಹಳೆಯ ಭಾರೀ ಯಂತ್ರಗಳಿಗೆ ಗಿರಾಕಿ ಹೆಚ್ಚಲು ಇದೊಂದು ಕಾರಣ.

ಆದರೆ ೨೦೨೫ರ ಸೆಪ್ಟೆಂಬರ್ ೨೨ರಿಂದ ಟ್ರಾಕ್ಟರುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ ೧೨ರಿಂದ ೫ಕ್ಕೆ ಇಳಿದಿದೆ. ಅದಕ್ಕೆ ಮುಂಚಿನ ಹೊಸ ಕ್ರಯವನ್ನು ತೋರಿಸಿ ಹಳೆಯದರ ಬೆಲೆಯನ್ನು ಕಟ್ಟುವ ದಲ್ಲಾಳಿಯ ಮಾತಿಗೆ ಕಿವಿಗೊಡಬಾರದು. ೪೦ ಅಶ್ವಶಕ್ತಿಯ ಹೊಸ ಯಂತ್ರಕ್ಕೂ ೫೫ರ ಹಳೆಯ ಯಂತ್ರಕ್ಕೂ ಇರುವ ಅಂತರವನ್ನು, ಹಳೆಯದರ ಮೊದಲ ದುರಸ್ತಿಯನ್ನೂ ಕೂಡಿಸಿ, ಬರೆದು ನೋಡಬೇಕು.

೬. ಯಂತ್ರವು ಎಲ್ಲಿ ದುಡಿದದ್ದು?

ಎತ್ತನ್ನು ಕೊಳ್ಳುವವನು ಅದು ಯಾವ ಸೀಮೆಯದೆಂದು ಕೇಳುವಂತೆ ಟ್ರಾಕ್ಟರಿಗೂ ಕೇಳಬೇಕು. ಸವೆತವು ದುಡಿದ ನೆಲವನ್ನು ಹೇಳುತ್ತದೆ.

ಭದ್ರಾ ನಾಲೆಯ ಕೆಳಗೆ ಗದ್ದೆಯ ಕೆಸರಿನಲ್ಲಿ ದುಡಿದ ಯಂತ್ರದಲ್ಲಿ ಅಚ್ಚುಗಳ ಬಳಿಯ ಸೀಲುಗಳು ಹಾಳಾಗಿ, ಮುಂದಿನ ಗಾಲಿಗಳ ಬೇರಿಂಗುಗಳಿಗೂ ಬ್ರೇಕಿನ ಒಳಕ್ಕೂ ಕೆಸರುನೀರು ಸೇರಿರುವ ಸಂಭವವುಂಟು. ನಮ್ಮಂಥ ಒಣಸೀಮೆಯಲ್ಲಿ ದುಡಿದ ಯಂತ್ರಕ್ಕೆ ಧೂಳೇ ಶತ್ರು. ಗಾಳಿ ಸೋಸುವ ಏರ್ ಕ್ಲೀನರನ್ನು ಅಲಕ್ಷ್ಯ ಮಾಡಿದ್ದರೆ ನುಣ್ಣನೆಯ ಮಣ್ಣು ಎಂಜಿನಿನೊಳಕ್ಕೆ ಸೇರಿ ಲೈನರು ರಿಂಗುಗಳನ್ನು ಅರೆದುಬಿಡುತ್ತದೆ. ಇಟ್ಟಿಗೆ, ಮರಳು, ಕಲ್ಲು ಹೊತ್ತ ಯಂತ್ರದಲ್ಲಿ ಕ್ಲಚ್ಚು, ಬ್ರೇಕು, ಎಳೆಯುವ ಕೊಕ್ಕೆಯ ತೂತು, ಮೇಲಿನ ಗೇರುಗಳು ಸವೆದಿರುತ್ತವೆ. ಮುಂಭಾಗಕ್ಕೆ ಮಣ್ಣೆತ್ತುವ ಬುಟ್ಟಿಯನ್ನು ಕಟ್ಟಿದ್ದ ಯಂತ್ರವಾದರೆ ಮುಂದಿನ ಅಚ್ಚಿನಲ್ಲಿಯೂ ಕ್ಲಚ್ಚಿನ ಪೆಟ್ಟಿಗೆಯಲ್ಲಿಯೂ ಬಿರುಕು ಅಥವಾ ವೆಲ್ಡಿಂಗಿನ ಗುರುತು ಇದೆಯೇ ಎಂದು ದೀಪ ಹಿಡಿದು ನೋಡಬೇಕು. ಹೊಸದಾಗಿ ಬಳಿದ ಬಣ್ಣವು ಗುಣವಲ್ಲ; ಅದರ ಕೆಳಗೆ ಏನಿದೆಯೆಂಬ ಸಂಶಯಕ್ಕೆ ಕಾರಣ.

೭. ನಿಂತಲ್ಲಿ ಮಾಡತಕ್ಕ ಪರೀಕ್ಷೆ

(ಅ) ಬೆಳಗಿನ ಹೊತ್ತು, ಎಂಜಿನು ತಣ್ಣಗಿರುವಾಗ ಹೋಗಬೇಕು. ಮೊದಲು ರೇಡಿಯೇಟರಿನ ಮೇಲೆ ಅಂಗೈಯಿಟ್ಟು ನೋಡಿ. ಬಿಸಿಯಿದ್ದರೆ ಮಾರುವವನು ಮುಂಚಿತವಾಗಿಯೇ ಓಡಿಸಿರುತ್ತಾನೆ. ಅಂದು ಹಿಂದಿರುಗಿ ಇನ್ನೊಂದು ದಿನ ಬರುವುದು ಲೇಸು. ತಣ್ಣನೆಯ ಎಂಜಿನು ಎಷ್ಟು ಬೇಗ ಹತ್ತಿಕೊಳ್ಳುವುದೆಂಬುದು ಅದರ ಒಳಗಿನ ಒತ್ತಡಕ್ಕೆ ಸಾಕ್ಷಿ.

(ಆ) ಎಂಜಿನನ್ನು ಚಾಲೂ ಮಾಡುವ ಮೊದಲೇ ಆಯಿಲ್ ಅಳೆಯುವ ಕಡ್ಡಿಯನ್ನು ತೆಗೆದು ನೋಡಿ. ಎಣ್ಣೆಯು ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಕೆನೆ ತೇಲುತ್ತಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟೋ, ಹೆಡ್ಡೋ, ಬ್ಲಾಕೋ ಕೆಟ್ಟಿರಬಹುದು. ಹೀಗಿರುವ ಯಂತ್ರವನ್ನು ಬಿಡುವುದೇ ಉತ್ತಮ.

(ಇ) ಹೊಗೆಯ ಬಣ್ಣವನ್ನು ಗಮನಿಸಿ. ಭಾರ ಬಿದ್ದಾಗ ಕ್ಷಣಮಾತ್ರ ಬರುವ ಕಪ್ಪು ಹೊಗೆ ಸಹಜ. ಬಿಡದೆ ಬರುವ ಕಪ್ಪು ಹೊಗೆಗೆ ಗಾಳಿಯ ಕೊರತೆ ಅಥವಾ ಪಂಪು ನಾಜಲುಗಳ ದೋಷ ಕಾರಣ. ಇದನ್ನು ಮಿತವಾದ ಖರ್ಚಿನಲ್ಲಿ ಸರಿಪಡಿಸಬಹುದು. ನೀಲಿ ಹೊಗೆಯೆಂದರೆ ಕೀಲೆಣ್ಣೆಯೇ ಉರಿಯುತ್ತಿದೆಯೆಂದು ಅರ್ಥ. ಲೈನರು, ಪಿಸ್ಟನು, ರಿಂಗು ಅಥವಾ ವಾಲ್ವುಗಳ ಕೆಲಸ ತಪ್ಪದು. ಬಿಸಿಯಾದ ಮೇಲೆಯೂ ನಿಲ್ಲದ ಬಿಳಿ ಹೊಗೆಯು ಡೀಸೆಲ್ಲು ಸರಿಯಾಗಿ ಉರಿಯದಿರುವುದನ್ನಾಗಲಿ, ನೀರು ಒಳಸೇರುತ್ತಿರುವುದನ್ನಾಗಲಿ ಸೂಚಿಸುತ್ತದೆ.

(ಈ) ಎಂಜಿನಿನ ಉಸಿರುಕೊಳವೆಯಿಂದ ಹಬೆಯು ಬಿರುಸಾಗಿ ಬುಸುಗುಟ್ಟುತ್ತಿದ್ದರೆ ರಿಂಗುಗಳು ಸವೆದಿವೆ. ಬಿಸಿಯಾದ ಮೇಲೆ ನಿಧಾನವಾಗಿ ಓಡುವಾಗ ಆಯಿಲ್ ಒತ್ತಡದ ಮುಳ್ಳು ತೀರ ಕೆಳಗಿಳಿದರೆ ಬೇರಿಂಗುಗಳ ಮೇಲೆ ಸಂಶಯ ಪಡಬೇಕು.

(ಉ) ಗಂಟೆ ತೋರಿಸುವ ಮೀಟರನ್ನು ಮಾತ್ರ ನಂಬಬಾರದು. ಅದನ್ನು ಬದಲಾಯಿಸುವುದು ಸುಲಭ. ಕಾಲ್ತುಳಿಯ ರಬ್ಬರು, ಸ್ಟೇರಿಂಗಿನ ಹಿಡಿ, ಲಿಫ್ಟಿನ ತೋಳುಗಳ ಗುಂಡು, ಕೊಕ್ಕೆಯ ತೂತು ಇವು ಸುಳ್ಳು ಹೇಳವು.

(ಊ) ಟಯರುಗಳನ್ನು ಪರೀಕ್ಷಿಸಿ. ಈ ವರ್ಗದ ಯಂತ್ರಗಳಿಗೆ ಸಾಮಾನ್ಯವಾಗಿ ಹಿಂದೆ ೧೬.೯-೨೮ ಅಳತೆಯ ಟಯರುಗಳಿರುತ್ತವೆ. ಎರಡನ್ನೂ ಬದಲಾಯಿಸುವ ಖರ್ಚು ಸಣ್ಣದಲ್ಲ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ೨೩೧೯ ಎಂದಿದ್ದರೆ ೨೦೧೯ನೆಯ ವರ್ಷದ ೨೩ನೆಯ ವಾರವೆಂದು ತಿಳಿಯಬೇಕು. ಗಟ್ಟೆಗಳು ಎತ್ತರವಾಗಿದ್ದರೂ ಪಕ್ಕಗಳು ಸೀಳಿದ್ದರೆ ಆ ಟಯರು ಬಹುಕಾಲ ಬಾಳದು.

೮. ಹೊಲದಲ್ಲಿ ಮಾಡತಕ್ಕ ಪರೀಕ್ಷೆ

ರಸ್ತೆಯ ಮೇಲೆ ಒಂದು ಸುತ್ತು ಓಡಿಸಿದುದು ಪರೀಕ್ಷೆಯಲ್ಲ. ಗಟ್ಟಿ ನೆಲದಲ್ಲಿ, ನೀವು ಮುಂದೆ ಕಟ್ಟಲಿರುವ ಸಲಕರಣೆಯನ್ನೇ ಕಟ್ಟಿ, ಒಂದು ಗಂಟೆಯಾದರೂ ದುಡಿಸಬೇಕು. ಮಾರುವವನು ಒಪ್ಪದಿದ್ದರೆ ಅದೇ ಉತ್ತರವೆಂದು ತಿಳಿದು ಹಿಂದಿರುಗಬಹುದು.

ದುಡಿಸುವ ಮೊದಲು ಡೀಸೆಲ್ ಟ್ಯಾಂಕನ್ನು ಕಂಠದವರೆಗೆ ತುಂಬಿ, ಕೆಲಸ ಮುಗಿದ ಮೇಲೆ ಅದೇ ಸಮನೆಲದಲ್ಲಿ ನಿಲ್ಲಿಸಿ ಮತ್ತೆ ಕಂಠದವರೆಗೆ ಅಳೆದು ತುಂಬಿದರೆ, ಎಷ್ಟು ಲೀಟರು ಹಿಡಿಯಿತೋ ಅದೇ ಆ ಗಂಟೆಯ ಖರ್ಚು. ಉತ್ತ ನೆಲವನ್ನೂ ಅಳೆಯಿರಿ. ಎಕರೆಗೆ ಎಷ್ಟು ಲೀಟರೆಂಬ ಈ ಒಂದು ಅಂಕಿಯು ಮಾರುವವನ ನೂರು ಮಾತುಗಳಿಗಿಂತ ಮೇಲು.

ದುಡಿಯುವಾಗ ಗೇರು ತಾನಾಗಿ ಜಾರಿ ಹೊರಬೀಳುವುದೇ, ಕ್ಲಚ್ಚು ಜಾರಿ ಸುಟ್ಟ ವಾಸನೆ ಬರುವುದೇ, ನೀರು ಕುದಿಯುವುದೇ ಎಂದು ನೋಡಿ. ಪಿ.ಟಿ.ಓ. ದಂಡಕ್ಕೆ ರೋಟವೇಟರನ್ನಾಗಲಿ ಒಕ್ಕುವ ಯಂತ್ರವನ್ನಾಗಲಿ ಜೋಡಿಸಿ ಭಾರದ ಮೇಲೆ ತಿರುಗಿಸಬೇಕು. ಬರಿದಾಗಿ ತಿರುಗಿದುದು ಸಾಲದು. ಕಡೆಗೆ, ಎಲ್ಲವೂ ಬಿಸಿಯಾಗಿರುವಾಗ, ಭಾರವಾದ ನೇಗಿಲನ್ನು ಲಿಫ್ಟಿನಿಂದ ಪೂರ್ತಿ ಎತ್ತಿ ಎಂಜಿನನ್ನು ನಿಲ್ಲಿಸಿ, ಹತ್ತು ನಿಮಿಷ ದೂರದಿಂದ ನೋಡುತ್ತಿರಿ. ನೇಗಿಲು ಬೇಗನೆ ಕೆಳಗಿಳಿದರೆ ಹೈಡ್ರಾಲಿಕ್ಕಿನ ಸೀಲುಗಳೋ ವಾಲ್ವುಗಳೋ ಸೋರುತ್ತಿವೆ. ಎತ್ತಿದ ಸಲಕರಣೆಯ ಕೆಳಗೆ ಯಾರೂ ಕೈಯಾಗಲಿ ತಲೆಯಾಗಲಿ ಇಡಕೂಡದು.

ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರ್ಕಾರದ ಯಂತ್ರಪರೀಕ್ಷಾ ಸಂಸ್ಥೆಯು ಟ್ರಾಕ್ಟರುಗಳ ಮಾದರಿಗಳನ್ನು ಪರೀಕ್ಷಿಸಿ, ಪಿ.ಟಿ.ಓ. ಶಕ್ತಿ, ಇಂಧನದ ಖರ್ಚು ಮೊದಲಾದುವನ್ನು ವರದಿಯಲ್ಲಿ ನಮೂದಿಸುತ್ತದೆ. ಕೊಳ್ಳುವ ಮಾದರಿಯ ವರದಿ ದೊರೆತರೆ ನಿಮ್ಮ ಅಳತೆಯನ್ನು ಅದರೊಡನೆ ಹೋಲಿಸಬಹುದು. ದಕ್ಷಿಣದಲ್ಲಿ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ಇಂಥ ಸಂಸ್ಥೆಯೊಂದಿದ್ದು, ಅಲ್ಲಿ ಯಂತ್ರಗಳ ಚಾಲನೆ ಮತ್ತು ಪಾಲನೆಯ ಶಿಕ್ಷಣವನ್ನು ಕೊಡುತ್ತಾರೆ. ಮನೆಯ ಒಬ್ಬ ಯುವಕನು ಈ ಶಿಕ್ಷಣವನ್ನು ಪಡೆದರೆ ಅದು ಯಂತ್ರದ ಆಯುಸ್ಸಿಗೆ ಕೂಡಿಸಿದಂತೆಯೇ.

೯. ಬಿಡಿಭಾಗಗಳ ವಿಚಾರ

ಬೆಂಗಳೂರಿನಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ೧೯೭೧ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಝೆಕೊಸ್ಲೊವಾಕಿಯದ ಝೆಟರ್ ಮಾದರಿಯಂತೆ, ಟ್ರಾಕ್ಟರುಗಳನ್ನು ತಯಾರಿಸತೊಡಗಿತು. ಕಾಲಕ್ರಮದಲ್ಲಿ ಅದರ ೫೯೧೧ ಎಂಬ ಭಾರೀ ಮಾದರಿಯೂ ರೈತರ ಕೈ ಸೇರಿತು. ೨೦೧೬ರ ಅಕ್ಟೋಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಆ ಟ್ರಾಕ್ಟರು ವಿಭಾಗವನ್ನು ಮುಚ್ಚಲು ಒಪ್ಪಿತು. ಗಟ್ಟಿಯಾದ ಯಂತ್ರವೆಂದು ಹೆಸರಾಗಿದ್ದರೂ ತಯಾರಿಕೆ ನಿಂತ ಯಂತ್ರಕ್ಕೆ ಹುಟ್ಟಿದ ಮನೆಯ ಬಿಡಿಭಾಗ ಬರುವುದಿಲ್ಲ. ಇತರರು ಮಾಡಿದ್ದನ್ನೋ, ಮುರುಕು ಯಂತ್ರದಿಂದ ಬಿಚ್ಚಿದ್ದನ್ನೋ ಹುಡುಕಬೇಕು. ಹದ ಕಾಯುವುದಿಲ್ಲ. ರೋಹಿಣಿ ಮಳೆಯಲ್ಲಿ ಒಂದು ಸೀಲಿಗಾಗಿ ಎಂಟು ದಿನ ನಿಂತ ಯಂತ್ರವು ವರ್ಷದ ಬೆಳೆಯನ್ನೇ ನುಂಗಬಲ್ಲುದು.

ಸ್ವರಾಜ್ ೮೫೫, ಜಾನ್ ಡಿಯರ್ ೫೩೧೦, ನ್ಯೂ ಹಾಲೆಂಡ್ ೩೬೩೦ ಮೊದಲಾದ ಅಂಕಿಗಳುಳ್ಳ ಯಂತ್ರಗಳು ಈಗಲೂ ಹೊಸವಾಗಿ ಮಾರಾಟವಾಗುತ್ತಿವೆ. ಆದರೆ ಹೆಸರು ಒಂದೇ ಎಂದಮಾತ್ರಕ್ಕೆ ಹದಿನೈದು ವರ್ಷದ ಹಿಂದಿನ ಯಂತ್ರದ ಭಾಗವೂ ಇಂದಿನದರ ಭಾಗವೂ ಒಂದೇ ಎಂದು ಭಾವಿಸಲಾಗದು. ಆದುದರಿಂದ ಮುಂಗಡ ಕೊಡುವ ಮೊದಲೇ, ಯಂತ್ರದ ಛಾಸಿ ನಂಬರನ್ನು ಬರೆದುಕೊಂಡು ದಾವಣಗೆರೆಯ ಬಿಡಿಭಾಗದ ಅಂಗಡಿಗೆ ಹೋಗಿ, ಕ್ಲಚ್ ಪ್ಲೇಟು, ನೀರಿನ ಪಂಪು, ನಾಜಲು, ಹೈಡ್ರಾಲಿಕ್ ಪಂಪು, ಹೆಡ್ ಗ್ಯಾಸ್ಕೆಟ್ಟು, ಲೈನರು ಪಿಸ್ಟನ್ನಿನ ಜೊತೆ, ಬ್ರೇಕಿನ ಡಿಸ್ಕು ಇವುಗಳ ಪಟ್ಟಿಯನ್ನು ಕೊಟ್ಟು ಎರಡು ಪ್ರಶ್ನೆ ಕೇಳಬೇಕು: ಇಂದೇ ಸಿಕ್ಕುವುದೆಷ್ಟು? ಬೆಲೆಯೆಷ್ಟು? ಈ ಅರ್ಧ ದಿನದ ತಿರುಗಾಟದಿಂದ ತಿಳಿಯುವಷ್ಟು ಸತ್ಯವು ಬೇರೆ ಯಾವುದರಿಂದಲೂ ತಿಳಿಯದು.

೧೦. ಕಾಗದಪತ್ರಗಳು

ನೋಂದಣಿ ಪತ್ರದಲ್ಲಿರುವ ಛಾಸಿ ಮತ್ತು ಎಂಜಿನ್ ನಂಬರುಗಳನ್ನು ಯಂತ್ರದ ಮೇಲೆ ಕೊರೆದ ನಂಬರುಗಳೊಡನೆ ಅಕ್ಷರಶಃ ಹೋಲಿಸತಕ್ಕದ್ದು. ಕೇಂದ್ರದ ‘ವಾಹನ್’ ದಾಖಲೆಯಲ್ಲಿಯೂ ನೋಡಬಹುದು. ಸಾಲದ ನಮೂದು ಇದ್ದರೆ, ಸಾಲ ತೀರಿತೆಂಬ ಪತ್ರವೂ ನಮೂನೆ ೩೫ರ ಮೂಲಕ ಆ ನಮೂದಿನ ರದ್ದಿಯೂ ಆಗುವವರೆಗೆ ಪೂರ್ತಿ ಹಣವನ್ನು ಕೊಡಕೂಡದು.

೧೯೮೮ರ ಮೋಟಾರು ವಾಹನ ಕಾಯಿದೆಯಂತೆ, ರಾಜ್ಯದೊಳಗೆ ಮಾರಿದವನು ೧೪ ದಿನಗಳೊಳಗೂ ಕೊಂಡವನು ೩೦ ದಿನಗಳೊಳಗೂ ಒಡೆತನದ ಬದಲಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂ೨೯ ಮತ್ತು ೩೦ರ ನಮೂನೆಗಳುಂಟು. ನಮ್ಮ ಜಿಲ್ಲೆಯ ನೋಂದಣಿಯು ಕೆಎ-೧೭. ಹೊರರಾಜ್ಯದ ಯಂತ್ರವಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣ ಪತ್ರವನ್ನು ನಮೂನೆ ೨೮ರಲ್ಲಿ ತರಿಸಬೇಕು. ನೋಂದಣಿಯ ಅವಧಿ ೧೫ ವರ್ಷ. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕಾಗುವುದರಿಂದ ಆ ಶುಲ್ಕವನ್ನೂ ವಿಚಾರಿಸಿ. ಟ್ರೇಲರಿನ ನೋಂದಣಿ ಬೇರೆಯೇ.

ಮಾರಿದವನ ಹೆಸರಿನಲ್ಲಿಯೇ ಓಡಿಸುತ್ತಿದ್ದರೇನೆಂದು ಉದಾಸೀನ ಮಾಡುವುದು ಇಬ್ಬರಿಗೂ ಅಪಾಯ. ದಾಖಲೆಯಲ್ಲಿ ಹೆಸರುಳ್ಳವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ತೀರ್ಮಾನಿಸಿದೆ. ವಿಮೆಯನ್ನೂ ಕೊಂಡವನ ಹೆಸರಿಗೆ ಬದಲಾಯಿಸಬೇಕು.

೧೧. ಹಣದ ಏರ್ಪಾಡು ಮತ್ತು ಬೇರೆ ಮಾರ್ಗಗಳು

ಮುಂಗಡವು ಅಲ್ಪವಾಗಿರಲಿ, ಕರಾರು ಬರಹದಲ್ಲಿರಲಿ, ಬರೆಯದ ನಮೂನೆಗೆ ಯಾರೂ ಸಹಿ ಹಾಕದಿರಲಿ. ಕೈಯಲ್ಲಿರುವ ಹಣವನ್ನೆಲ್ಲ ಕ್ರಯಕ್ಕೇ ಸುರಿಯದೆ, ಐದರಲ್ಲಿ ಒಂದು ಭಾಗವನ್ನಾದರೂ ಮೊದಲ ವರ್ಷದ ದುರಸ್ತಿಗೆ ಮೀಸಲಿಡಬೇಕು. ಎತ್ತುಗಳುಳ್ಳವರು ಮೊದಲ ವರ್ಷದಲ್ಲಿಯೇ ಅವುಗಳನ್ನು ಮಾರಬಾರದು. ಕಂತು ಕಟ್ಟುವ ಸಾಲವಾದರೆ, ಮಳೆ ತಪ್ಪಿದ ವರ್ಷದಲ್ಲಿ ಆ ಕಂತು ಎಲ್ಲಿಂದ ಬರುವುದೆಂಬ ಪ್ರಶ್ನೆಗೆ ಮನೆಯವರೆಲ್ಲ ಕುಳಿತು ಉತ್ತರವನ್ನು ಹುಡುಕಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಬರವು ಅಪರೂಪದ ಅತಿಥಿಯಲ್ಲ.

ಒಬ್ಬನಿಗೆ ೪೮೦ ಗಂಟೆ ಕೆಲಸವಿಲ್ಲದಿದ್ದರೂ, ಹೊಂದಿಕೊಂಡು ಹೋಗುವ ಐದಾರು ಮಂದಿಗೆ ಕೂಡಿ ಇರಬಹುದು. ಕೂಡಿ ಕೊಳ್ಳುವವರು ಸರದಿ, ಎಣ್ಣೆ, ದುರಸ್ತಿ, ಚಾಲಕ ಇವುಗಳ ನಿಯಮವನ್ನು ಮೊದಲೇ ಬರೆದಿಡತಕ್ಕದ್ದು. ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರಗಳನ್ನು ಒದಗಿಸುವ ಕೃಷಿ ಯಂತ್ರಧಾರೆ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರವು ೨೦೧೪-೧೫ರಲ್ಲಿ ಆರಂಭಿಸಿತು. ಅದರ ಸೌಲಭ್ಯಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿಯೂ, ಬೆಳೆಗೂ ಮಣ್ಣಿಗೂ ತಕ್ಕ ಸಲಕರಣೆಗಳ ವಿಷಯವನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಆಳ ಉಳುಮೆಯಂಥ ವರ್ಷಕ್ಕೊಮ್ಮೆಯ ಕೆಲಸಕ್ಕೆ ಭಾರೀ ಯಂತ್ರವನ್ನು ಬಾಡಿಗೆಗೆ ತಂದು, ಉಳಿದುದಕ್ಕೆ ಸಣ್ಣದನ್ನಾಗಲಿ ಎತ್ತುಗಳನ್ನಾಗಲಿ ಇಟ್ಟುಕೊಳ್ಳುವುದೂ ಜಾಣತನವೇ.

೧೨. ಪ್ರಾಣರಕ್ಷಣೆ

ಹಳೆಯ ಯಂತ್ರವನ್ನು ಮನೆಗೆ ತಂದೊಡನೆ ಮೊದಲು ಸರಿಪಡಿಸತಕ್ಕದ್ದು ಬ್ರೇಕು. ಎಡಬಲದ ಬ್ರೇಕುಗಳು ಸಮನಾಗಿ ಹಿಡಿಯಬೇಕು. ರಸ್ತೆಯಲ್ಲಿ ಎರಡು ತುಳಿಗಳನ್ನೂ ಕೊಂಡಿಯಿಂದ ಕೂಡಿಸಿರಬೇಕು. ತಿರುಗುವ ಪಿ.ಟಿ.ಓ. ದಂಡಕ್ಕೆ ಹೊದಿಕೆಯಿಲ್ಲದಿದ್ದರೆ ಹಾಕಿಸಬೇಕು. ಪಂಚೆ ಸೀರೆಗಳ ಅಂಚು ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಹೂತ ಗಾಡಿಯನ್ನಾಗಲಿ ಮರದ ಬೊಡ್ಡೆಯನ್ನಾಗಲಿ ಹಿಂದಿನ ಅಚ್ಚಿಗಿಂತ ಮೇಲೆ ಹಗ್ಗ ಕಟ್ಟಿ ಎಳೆದರೆ ಯಂತ್ರವು ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತದೆ; ಕೆಳಗಿನ ಕೊಕ್ಕೆಯಿಂದಲೇ ಎಳೆಯಬೇಕು. ಮಡ್ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಕೂಡದು.

೧೩. ಸಾರಾಂಶ

ಮುಂಗಡ ಕೊಡುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ತಾನು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಇವು:

೧. ನನ್ನ ಹೊಲದ ಕೆಲಸ ವರ್ಷಕ್ಕೆ ಎಷ್ಟು ಗಂಟೆ? ಉಳಿದ ಗಂಟೆಗಳನ್ನು ಕೊಡುವವರು ಯಾರು?
೨. ಈ ಶಕ್ತಿಗೆ ತಕ್ಕ ಸಲಕರಣೆ ನನ್ನಲ್ಲಿ ಉಂಟೇ?
೩. ತಣ್ಣನೆಯ ಎಂಜಿನನ್ನು ನಾನೇ ಚಾಲೂ ಮಾಡಿ, ಗಟ್ಟಿ ನೆಲದಲ್ಲಿ ಒಂದು ಗಂಟೆ ದುಡಿಸಿ, ಎಣ್ಣೆಯನ್ನು ಅಳೆದೆನೇ?
೪. ಬಿಡಿಭಾಗಗಳ ಪಟ್ಟಿಯನ್ನು ಅಂಗಡಿಗೆ ಒಯ್ದೆನೇ?
೫. ನಂಬರುಗಳೂ ಸಾಲದ ನಮೂದೂ ಸರಿಯಾಗಿವೆಯೇ?
೬. ಮೊದಲ ವರ್ಷದ ದುರಸ್ತಿಗೆ ಹಣವುಂಟೇ? ಮಳೆ ತಪ್ಪಿದರೆ ಕಂತು ಕಟ್ಟುವ ಬಗೆ ಯಾವುದು?

ಈ ಆರಕ್ಕೂ ಸಮಾಧಾನವಾದ ಉತ್ತರ ದೊರೆತರೆ ಹಳೆಯ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಅದು ಮನೆಗೆ ಬಂದ ಬಲಗೈಯಾಗುವುದು. ಒಂದಕ್ಕೆ ಉತ್ತರ ದೊರೆಯದಿದ್ದರೂ ಒಂದು ಮುಂಗಾರು ತಡೆಯುವುದು ಲೇಸು. ಟ್ರಾಕ್ಟರು ಇನ್ನೊಂದು ಸಿಕ್ಕುವುದು. ಮಾರಿದ ಹೊಲವು ಹಿಂದಿರುಗುವುದು ದುರ್ಲಭ.